ರಾತ್ರಿಪಾಳಿಯ ನರ್ಸಿಗೆ ಗುರು ಯಾರು?

ಹಟ್ಟಿಯಿಂದ ರಾಯಚೂರಿಗೆ ಸುಮಾರು 80 ಕಿಲೋಮೀಟರ್. ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತಿನ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರಿರಾತ್ರಿ ಹೆರಿಗೆಯಾಗಿ ರಕ್ತಸ್ರಾವ ನಿಲ್ಲದಿದ್ದರೆ ಜಿಲ್ಲಾ ಕೇಂದ್ರ ಬಲು ದೂರ. ಯಾವ ಇಂಜೆಕ್ಷನ್ ಕೊಡಬೇಕು, 108ಕ್ಕೆ ಯಾವಾಗ ಫೋನ್ ಮಾಡಬೇಕು, ಬಾಣಂತಿಯನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ಅನೇಕ ಸಲ ಪಾಳಿಯಲ್ಲಿರುವ ಸ್ಟಾಫ್ ನರ್ಸ್ ಒಬ್ಬಳೇ ನಿರ್ಧರಿಸಬೇಕು. ಹಾಗೆ ನಿರ್ಧರಿಸುವುದನ್ನು ಆಕೆಗೆ ಕಲಿಸಿದವರು ಯಾರು? ರೋಗಿಯನ್ನು ಪರೀಕ್ಷಿಸಿ ಆರೈಕೆಯನ್ನು ತಾನೇ ನಿರ್ಧರಿಸಬಲ್ಲ ನರ್ಸ್, ಅಂದರೆ ನರ್ಸ್ ಪ್ರಾಕ್ಟೀಷನರ್, ತರಬೇತಿಯ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದೇ ನೋಡಬೇಕು.

ಅಮೆರಿಕದಲ್ಲಿ ಈ ತರಬೇತಿ ಶುರುವಾದದ್ದು 1965ರಲ್ಲಿ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್, ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆ ಸೇರಿ ಮೊದಲ ಕೋರ್ಸ್ ಕಟ್ಟಿದರು. ವೈದ್ಯರು ಸಿಗದ ಕಡೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಆರೈಕೆ ಮಾಡಬಲ್ಲ ನರ್ಸುಗಳನ್ನು ಅವರು ತಯಾರು ಮಾಡಿದರು.

ನಮ್ಮಲ್ಲಿ ದಾರಿ ಬೇರೆಯಾಯಿತು. 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು, 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಹಳ್ಳಿಗಳ ಹೊಣೆ ಮಾತ್ರ ಎಎನ್‌ಎಂಗಳ, ಅಂದರೆ ಸಹಾಯಕ ನರ್ಸ್-ಸೂಲಗಿತ್ತಿಯರ, ಹೆಗಲಿಗೆ ಬಿತ್ತು. ಎಪ್ಪತ್ತರ ದಶಕದಲ್ಲಿ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಬಳಿಕ ಅವರು ವಿವಿಧೋದ್ದೇಶ ಕಾರ್ಯಕರ್ತೆಯರಾದರು. ಎರಡು ವರ್ಷದ ಅವರ ತರಬೇತಿ 18 ತಿಂಗಳಿಗೆ ಇಳಿಯಿತು. ಲಸಿಕೆ, ಕುಟುಂಬ ಯೋಜನೆ, ರಿಜಿಸ್ಟರು ಎಲ್ಲ ಸೇರಿ ಹೆರಿಗೆ ಮಾಡಿಸುವ ಕೈಗಳನ್ನು ಬೇರೆಡೆಗೆ ಎಳೆದೊಯ್ದವು. ಆ ನಷ್ಟವನ್ನು ನಾವು ಇನ್ನೂ ತುಂಬಿಕೊಂಡಿಲ್ಲ ಎಂದೇ ನನ್ನ ಭಾವನೆ.

2005ರಲ್ಲಿ ಕೇಂದ್ರ ಸರ್ಕಾರ ಒಂದು ಮುಖ್ಯ ಹೆಜ್ಜೆ ಇಟ್ಟಿತು. ತುರ್ತು ಸಂದರ್ಭದಲ್ಲಿ ಆಕ್ಸಿಟೋಸಿನ್, ಮೆಗ್ನೀಸಿಯಂ ಸಲ್ಫೇಟ್‌ನಂಥ ಔಷಧಿಗಳನ್ನು ತರಬೇತಿ ಪಡೆದ ಎಎನ್‌ಎಂ ಮತ್ತು ನರ್ಸುಗಳೇ ಕೊಡಬಹುದೆಂದು ಮಾರ್ಗಸೂಚಿ ಹೊರಬಿತ್ತು. ಮೂರು ವಾರಗಳ ತರಬೇತಿಯೂ ಜಾರಿಗೆ ಬಂತು. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಕಲಿತದ್ದನ್ನು ಊರಿಗೆ ಮರಳಿದ ಮೇಲೆ ಯಾರ ಮುಂದೆ ಪರೀಕ್ಷಿಸಿಕೊಳ್ಳಬೇಕು? ಅಪರೂಪಕ್ಕೆ ಬರುವ ತೊಡಕಿಗೆ ಕೈ ಪಳಗುವುದು ಹೇಗೆ?

ಇದಕ್ಕೆ ನಿಜವಾದ ಉತ್ತರ ಹುಡುಕಿದ್ದು ನಮ್ಮದೇ ಸೀಮೆಯಲ್ಲಿ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ರಾಜ್ಯ ಸರ್ಕಾರದೊಂದಿಗೆ ಕೈಜೋಡಿಸಿ ‘ಸುಕ್ಷೇಮ’ ಯೋಜನೆಯನ್ನು ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಸಿದವು. ರಾಯಚೂರು ಅವುಗಳಲ್ಲಿ ಒಂದು. ನರ್ಸ್ ಮೆಂಟರಿಂಗ್ ಪ್ರಯೋಗ ಮೊದಲು ನಡೆದದ್ದು ಬಳ್ಳಾರಿ ಮತ್ತು ಕಲಬುರಗಿಯಲ್ಲಿ. 54 ಕೇಂದ್ರಗಳಿಗೆ ಮೆಂಟರ್‌ಗಳು ಹೋದರು, ಹೋಲಿಕೆಗೆ ಇನ್ನೂ 54 ಕೇಂದ್ರಗಳಿದ್ದವು. ಐದು ವಾರ ತರಬೇತಿ ಪಡೆದ ಈ ಮೆಂಟರ್‌ಗಳೂ ನರ್ಸುಗಳೇ. ಇದೇ ಆ ಯೋಜನೆಯ ಜೀವಾಳ. ತಪಾಸಣೆಗೆ ಬಂದ ಮೇಲಧಿಕಾರಿಯ ಮುಂದೆ ನರ್ಸ್ ತನ್ನ ಅನುಮಾನ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತು ಕೇಸ್ ಶೀಟ್ ಓದುವ, ಹೆರಿಗೆ ಕೋಣೆಯ ಔಷಧಿ ಟ್ರೇ ಜೊತೆಯಲ್ಲೇ ಜೋಡಿಸುವ, ಉಸಿರಾಡದ ಕೂಸಿಗೆ ಬ್ಯಾಗ್ ಹಿಡಿಯುವುದನ್ನು ಬೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸುವ ಹಿರಿಯಳ ಮುಂದೆ ಹೇಳುತ್ತಾಳೆ. ಕೇಂದ್ರದ ಸಿಬ್ಬಂದಿಯೆಲ್ಲ ಸೇರಿ ಕೊರತೆಗಳನ್ನು ತಾವೇ ಗುರುತಿಸುವ ಪದ್ಧತಿಯೂ ಇತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೆಂಟರ್‌ಗಳು ಹೋದ ಕೇಂದ್ರಗಳು ತೊಡಕು ನಿಭಾಯಿಸುವ ತಿಳಿವಳಿಕೆಯಲ್ಲೂ, ಔಷಧಿ-ಸಲಕರಣೆಗಳ ಸಿದ್ಧತೆಯಲ್ಲೂ ಮುಂದಿದ್ದವು. ಪ್ರಯೋಗದ ಬಳಿಕ ಈ ಕ್ರಮ ಯೋಜನೆಯ ಉಳಿದ ಜಿಲ್ಲೆಗಳಿಗೂ ಹಬ್ಬಿತು.

ಪ್ರಾಕ್ಟೀಷನರ್ ಎಂಬ ಹೆಸರು ಹೊತ್ತ ಕೋರ್ಸುಗಳು ಬಂದದ್ದು ಆಮೇಲೆ. 2016ರ ಹೊತ್ತಿಗೆ ನರ್ಸಿಂಗ್ ಕೌನ್ಸಿಲ್ ತೀವ್ರ ನಿಗಾ ಆರೈಕೆಯಲ್ಲಿ ಎರಡು ವರ್ಷದ ರೆಸಿಡೆನ್ಸಿ ಕೋರ್ಸ್ ರೂಪಿಸಿತು. ಅದರಲ್ಲಿ ತರಗತಿಗಿಂತ ವಾರ್ಡಿನ ಪಾಲು ಹೆಚ್ಚು. 2018ರ ಡಿಸೆಂಬರಿನಲ್ಲಿ ಸೂಲಗಿತ್ತಿ ಸೇವೆಗಳ ರಾಷ್ಟ್ರೀಯ ಮಾರ್ಗಸೂಚಿ ಹೊರಬಂದು, ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಎಂಬ 18 ತಿಂಗಳ ತರಬೇತಿಗೆ ಬುನಾದಿ ಹಾಕಿತು. ಇವರಿಗೆ ಕಲಿಸುವ ಶಿಕ್ಷಕಿಯರನ್ನು ಮೊದಲು ತಯಾರಿಸಬೇಕು ಎಂಬುದು ಆ ಮಾರ್ಗಸೂಚಿಯ ವಿವೇಕ. ನೆರೆಯ ತೆಲಂಗಾಣ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಜೊತೆ ಸೇರಿ ಅದಕ್ಕೂ ಮೊದಲೇ, 2017ರಲ್ಲೇ, ಇಂಥ ತರಬೇತಿ ಶುರುಮಾಡಿತ್ತು. ಉಪಕೇಂದ್ರಗಳಿಗೆ ಬಂದಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲೂ ಬಹಳಷ್ಟು ಜನ ನರ್ಸಿಂಗ್ ಓದಿದವರು. ಬಿಪಿ, ಸಕ್ಕರೆ ಕಾಯಿಲೆಯವರನ್ನು ತಿಂಗಳು ತಿಂಗಳು ನೋಡಿಕೊಳ್ಳುವ ಅವರಿಗೂ ಮೆಂಟರ್ ಬೇಕು. ಫೋನಿನಲ್ಲಿ ಸಿಗುವ ವೈದ್ಯರ ಸಲಹೆ ಆ ಜಾಗ ತುಂಬಲಾರದು.

1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಕಾಯ್ದೆ ಬಂದ ಮಾತ್ರಕ್ಕೆ ಹುದ್ದೆ ಹುಟ್ಟುವುದಿಲ್ಲ. ಸಿಂಧನೂರಿನ ಸ್ಟಾಫ್ ನರ್ಸ್ 18 ತಿಂಗಳು ಕಲಿಯಲು ಹೋದರೆ ಅವಳ ಪಾಳಿ ಯಾರು ಮಾಡಬೇಕು? ಕಲಿತು ಬಂದವಳನ್ನು ಮತ್ತೆ ಜನರಲ್ ವಾರ್ಡಿಗೆ ಹಾಕಿದರೆ ಕಲಿತದ್ದೆಲ್ಲ ಏನಾಗಬೇಕು? ಲಿಂಗಸುಗೂರು, ಸಿಂಧನೂರಿನ ತಾಲೂಕು ಆಸ್ಪತ್ರೆಗಳಲ್ಲಿ ಪ್ರಾಕ್ಟೀಷನರ್ ಹುದ್ದೆಯನ್ನೂ, ಸುತ್ತಿನ ಕೇಂದ್ರಗಳಿಗೆ ಹೋಗಿ ಬರುವ ಮೆಂಟರ್ ಹುದ್ದೆಯನ್ನೂ ಸರ್ಕಾರ ಖಾಯಂ ಮಾಡಬೇಕು. ಯೋಜನೆಯ ಹಣದ ಮೇಲೆ ನಿಂತ ಗುರು ಆ ಹಣ ಮುಗಿದ ದಿನವೇ ಹೊರಟುಹೋಗುತ್ತಾಳೆ, ಹೊಸದಾಗಿ ನೇಮಕವಾಗಿ ಬರುವ ನರ್ಸ್ ಮತ್ತೆ ಒಂಟಿಯಾಗುತ್ತಾಳೆ.