ಪ್ರೇಮಕಥೆಗಳ ತವರುಮನೆ

ಕಾದಂಬರಿ ಓದುವವರ ಮನೆಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ: ಇದು ನಡೆದ ಸಂಗತಿಯೋ, ಬರೆದವರ ಕಲ್ಪನೆಯೋ? ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳು ಕೇಳುತ್ತಿದ್ದುದೂ ಇದನ್ನೇ. ಪ್ರಶ್ನೆ ಸರಳವಾದದ್ದು, ಆದರೆ ಕನ್ನಡದ ಪ್ರೇಮಕಥೆಗಳ ಚರಿತ್ರೆಯೆಲ್ಲ ಇದರೊಳಗೆ ಅಡಗಿದೆ. ಗಂಡುಹೆಣ್ಣಿನ ಒಲವನ್ನೂ ದಾಂಪತ್ಯವನ್ನೂ ಕುರಿತು ಬರೆದವರಿಗೆ ಕಥೆ ಎಲ್ಲಿ ದೊರೆಯಿತು, ಪಾತ್ರಗಳು ಯಾವ ಬಾಗಿಲಿನಿಂದ ಬಂದವು ಎಂಬುದನ್ನು ನಮ್ಮ ನಾಡಿನ ಕೆಲವು ಉದಾಹರಣೆಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹೆಸರನ್ನೇ ನೋಡೋಣ. 'ಕಾದಂಬರಿ' ಎಂಬುದು ಬಾಣಭಟ್ಟನ ಗದ್ಯಕಾವ್ಯದ ನಾಯಕಿಯ ಹೆಸರು. ಜನ್ಮಾಂತರಗಳಲ್ಲೂ ಅಳಿಯದ ಒಲವಿನ ಕಥೆ ಅದು. ನಾಗವರ್ಮನು ಅದನ್ನು ಕನ್ನಡದ ಚಂಪುವಿಗೆ ತಂದನು. ಮುಂದೆ ಹೊಸ ಬಗೆಯ ದೀರ್ಘ ಗದ್ಯಕಥೆಗೆ ಹೆಸರು ಬೇಕಾದಾಗ ಕನ್ನಡಿಗರೂ ಮರಾಠಿಗರೂ ಆ ಪ್ರೇಮಿಕೆಯ ಹೆಸರನ್ನೇ ಎತ್ತಿಕೊಂಡರು. ಹನ್ನೆರಡನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ. ಅದಕ್ಕೂ ಸುಬಂಧುವಿನ 'ವಾಸವದತ್ತೆ' ಎಂಬ ಸಂಸ್ಕೃತ ಗ್ರಂಥ ಆಧಾರ. ಅಂದರೆ ಹಳೆಯ ಕವಿಗಳಿಗೆ ಪ್ರೇಮಕಥೆ ದೊರೆತದ್ದು ಹಿಂದಿನ ಗ್ರಂಥಗಳಿಂದ. ಕವಿಯ ಪ್ರತಿಭೆ ವರ್ಣನೆಯಲ್ಲಿತ್ತು. ಕಥೆಗಾಗಿ ಅವನು ಬೀದಿಗೆ ಇಳಿಯಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ 'ದುರ್ಗೇಶನಂದಿನಿ' ಮೊದಲಾದವನ್ನು ಬಂಗಾಳಿಯಿಂದ ತಂದಾಗಲೂ ಸ್ಥಿತಿ ಅದೇ. ಓದುಗರು ಮೆಚ್ಚಿ ಓದಿದರು, ಆದರೆ ಆ ನಾಯಕಿಯರು ದೂರದ ಕೋಟೆ ಕೊತ್ತಲಗಳವರು.

1899ರಲ್ಲಿ ಈ ದಾರಿ ತಿರುಗಿತು. ಆ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂತು. ರಾಯರು ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳು. ವ್ಯಾಜ್ಯ, ವಂಚನೆ, ಮರ್ಯಾದೆಯ ಪರದೆಯ ಹಿಂದಿನ ದುರಾಚಾರ, ಇವೆಲ್ಲ ಅವರ ವೃತ್ತಿಯ ಕಣ್ಣಿಗೆ ಬೀಳುವಂಥವು. ಅವರ ಸಾರಸ್ವತ ಸಮಾಜದಲ್ಲಿ ಆಗ ವಿಧವಾವಿವಾಹದ ಚರ್ಚೆ ಕಾವೇರಿತ್ತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಇಂದಿರೆ ಕಪಟ ಸಂತರ ಕೈಯಿಂದ ತಪ್ಪಿಸಿಕೊಂಡು, ಅಮೃತರಾಯರೆಂಬ ಸಜ್ಜನರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಇದನ್ನು ಎಣಿಸುತ್ತಾರೆ. ನಮಗೆ ಮುಖ್ಯವಾದುದು ಇನ್ನೊಂದು: ಈ ನಾಯಕಿ ಕನಸಿನಿಂದಲೂ ಬರಲಿಲ್ಲ, ಸಂಸ್ಕೃತ ಗ್ರಂಥದಿಂದಲೂ ಬರಲಿಲ್ಲ, ನೆರೆಮನೆಯಿಂದ ಬಂದಳು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನಮ್ಮ ಕಾಸರಗೋಡೂ ಸೇರಿತ್ತಾದ್ದರಿಂದ ಆ ನೆರೆಮನೆ ನಮಗೂ ದೂರದ್ದಲ್ಲ.

ಅರ್ಧ ಶತಮಾನದ ಬಳಿಕ ಇದೇ ನೆರೆಮನೆಯ ಒಳಕೋಣೆಯ ಬಾಗಿಲನ್ನು ಲೇಖಕಿಯರು ತೆರೆದರು. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರು ಅಷ್ಟರಲ್ಲೇ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದರು. ಅವರು ಮನಶ್ಶಾಸ್ತ್ರದ ವಿದ್ಯಾರ್ಥಿನಿ. 'ಶರಪಂಜರ'ದ ಕಾವೇರಿ ಒಲಿದ ಗಂಡನನ್ನು ಪಡೆದವಳು. ಹೆರಿಗೆಯ ಅನಂತರ ಅವಳ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು ಮರಳಿದವಳನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುತ್ತಾರೆ. ಬಾಣಂತಿಯ ಮನಸ್ಸಿನ ಕಾಯಿಲೆ ಮನೆಗಳಲ್ಲಿ ಪಿಸುಮಾತಿನ ವಿಷಯವಾಗಿತ್ತು. ತ್ರಿವೇಣಿಯವರು ಕಥೆಯನ್ನು ಆ ಪಿಸುಮಾತಿನಿಂದ ಎತ್ತಿಕೊಂಡರು. ಅದನ್ನು ಅರ್ಥಮಾಡಿಕೊಳ್ಳುವ ಕಣ್ಣನ್ನು ಶಾಸ್ತ್ರದಿಂದ ಪಡೆದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದ ಮೇಲೆ ಓದುಬರಹ ಬಾರದವರಿಗೂ ಕಾವೇರಿಯ ಸಂಕಟ ತಿಳಿಯಿತು. ವೈದ್ಯರಾಗಿದ್ದ ಅನುಪಮಾ ನಿರಂಜನರಿಗೂ ರೋಗಿಗಳ ಜೊತೆಗಿನ ಒಡನಾಟ ಹೆಣ್ಣಿನ ಬದುಕನ್ನು ಅರಿಯುವ ಇಂಥದೇ ಇನ್ನೊಂದು ಬಾಗಿಲಾಯಿತು.

ಎಂ.ಕೆ. ಇಂದಿರಾ ಅವರದು ಇನ್ನೂ ಸೋಜಿಗದ ಕಥೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಮದುವೆಯಾಯಿತು. ಶಾಲೆಯ ಓದು ಅಲ್ಲಿಗೆ ನಿಂತಿತು. ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದಾಗ ಅವರು ನಲವತ್ತೈದು ದಾಟಿದ್ದರು. ಅಷ್ಟು ವರ್ಷ ಅವರು ಸುಮ್ಮನಿರಲಿಲ್ಲ, ಕೇಳುತ್ತಿದ್ದರು. 1976ರ 'ಫಣಿಯಮ್ಮ' ಆ ಕೇಳ್ಮೆಯ ಫಲ. ನೂರು ವರ್ಷ ಮೀರಿ ಬದುಕಿದ, ಅವರ ಕುಟುಂಬದ ಬಳಗದ ಒಬ್ಬ ಬಾಲವಿಧವೆಯ ಬಾಳು ಅದು. ಆ ಹಿರಿಯ ಜೀವ ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿತ್ತು. ತಾಯಿಯಿಂದ ಅದು ಮಗಳಿಗೆ ಬಂತು. ಒಂದು ದಿನವೂ ಸಂಸಾರ ಮಾಡದ ಫಣಿಯಮ್ಮ, ಕಾದಂಬರಿಯಲ್ಲಿ ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಣಿಯೆಂಬ ಎಳೆಯ ವಿಧವೆಯ ಪರವಾಗಿ ಮಾತನಾಡುತ್ತಾಳೆ. ತನಗೆ ದಕ್ಕದ ಬಾಳು ಇನ್ನೊಬ್ಬಳಿಗಾದರೂ ದಕ್ಕಲಿ ಎಂಬ ಈ ಮನಸ್ಸಿಗಿಂತ ಮಿಗಿಲಾದ ಪ್ರೇಮ ಯಾವ ಶೃಂಗಾರಕಾವ್ಯದಲ್ಲಿದೆ ಎಂದು ನಾವು ಯೋಚಿಸಿದ್ದುಂಟು.

ಇನ್ನು ನಮ್ಮದೇ ನದಿಯ ತೀರಕ್ಕೆ ಬರೋಣ. ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದರು; 2023ರ ಜನವರಿಯಲ್ಲಿ ನಮ್ಮನ್ನಗಲಿದರು. ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಮನಸಾರೆ ಮೆಚ್ಚಿದ ದಂಪತಿಗಳು. ಅವಳ ತಂದೆಯ ಹಠದಿಂದ ತಲಾಖ್ ಆಗುತ್ತದೆ. ಮತ್ತೆ ಕೂಡಬೇಕೆಂದರೆ ಅವಳು ಇನ್ನೊಬ್ಬನನ್ನು ವರಿಸಿ ಅವನಿಂದ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಅಡ್ಡ ನಿಲ್ಲುತ್ತದೆ. ನಾದಿರಾ ಅದಕ್ಕೆ ತಲೆಬಾಗಲಾರದೆ ನೀರಿನ ಪಾಲಾಗುತ್ತಾಳೆ. ಇಲ್ಲಿ ಪ್ರೇಮಿಗಳ ನಡುವೆ ಮೂರನೆಯವರ ಮೋಹವಿಲ್ಲ, ಸಂಶಯವಿಲ್ಲ. ಗಂಡಹೆಂಡಿರು ಪರಸ್ಪರ ಪ್ರೀತಿಸುತ್ತಲೇ ದೂರವಾಗುತ್ತಾರೆ. ತಾವು ಹುಟ್ಟಿ ಬೆಳೆದ ಸಮಾಜದ ಹೆಂಗಸರ ಬಾಳನ್ನು ಹತ್ತಿರದಿಂದ ಬಲ್ಲವರು ಮಾತ್ರ ಬರೆಯಬಹುದಾದ ಕಥೆ ಇದು. ಇಂಗ್ಲಿಷಿಗೂ ಹೋಗಿ ನಮ್ಮ ಪುಟ್ಟ ನದಿಯ ಹೆಸರನ್ನು ಇದು ದೂರದೂರಕ್ಕೆ ಒಯ್ದಿತು.

ಈ ಎಲ್ಲವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕನ್ನಡದಲ್ಲಿ ಬಾಳಿ ಉಳಿದ ಪ್ರೇಮಕಾದಂಬರಿಗಳಿಗೆ ಪ್ರೇರಣೆ ಒದಗಿದ್ದು ಪ್ರೇಮಕ್ಕೆ ಅಡ್ಡಿಯಾದ ಕಡೆಯಲ್ಲಿ. ವೈಧವ್ಯ, ಕಾಯಿಲೆ, ಕಟ್ಟಳೆ, ತಂದೆಯ ಹಠ, ಇವು ಒಲವನ್ನು ತಡೆದ ಮನೆಗಳೇ ಕಥೆಯ ತವರು. ಹಾಗೆಂದು ಕಂಡದ್ದನ್ನು ಕಂಡಂತೆ ನಕಲು ಮಾಡಿದರೆ ಕಾದಂಬರಿಯಾಗದು. ಫಣಿಯಮ್ಮನ ಹಿಂದೆ ಒಬ್ಬ ವ್ಯಕ್ತಿ ಇದ್ದಾಳೆ. ನಾದಿರಾಳ ಹಿಂದೆ ಒಂದು ಸಮಾಜದ ಹಲವು ಹೆಣ್ಣುಮಕ್ಕಳ ಸ್ಥಿತಿ ಇದೆ. ಒಬ್ಬಳ ಕಣ್ಣೀರು, ಇನ್ನೊಬ್ಬಳ ಮಾತಿನ ವರಸೆ, ಮತ್ತೊಬ್ಬಳ ಧೈರ್ಯ ಕೂಡಿ ಒಂದು ಪಾತ್ರವಾಗುತ್ತದೆ. ಆದುದರಿಂದಲೇ ಓದಿದವರಿಗೆಲ್ಲ ಆ ಪಾತ್ರ ತಮ್ಮ ಮನೆಯವಳಂತೆ ತೋರುತ್ತದೆ. ನಡೆದದ್ದೋ ಕಲ್ಪನೆಯೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದು: ಕೇಳಿದ್ದು ನಿಜ, ಕೂಡಿಸಿದ್ದು ಕಲ್ಪನೆ.

ಇನ್ನೊಂದು ಸಂಗತಿಯನ್ನು ಶಾಲಾಮಾಸ್ತರರಾದ ನಾವು ಹೇಳದೆ ಬಿಡಲಾರೆವು. ಸಾರಾ ಅವರ ಮನೆಮಾತು ಮಲಯಾಳ. ಅವರು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದೇ ಅಪರೂಪವಾಗಿದ್ದ ಸಮಾಜದಿಂದ ಅವರು ಬಂದರು. ಆ ಬಾಲಕಿಗೆ ಕನ್ನಡ ಶಾಲೆಯ ಬಾಗಿಲು ತೆರೆಯದೆ ಇದ್ದಿದ್ದರೆ ನಾದಿರಾಳ ಕಥೆ ಕನ್ನಡದ ಕಥೆಯಾಗುತ್ತಿರಲಿಲ್ಲ. ಕಥೆ ತೀರದಲ್ಲಿತ್ತು, ಅದಕ್ಕೆ ಕನ್ನಡವನ್ನು ಕೊಟ್ಟದ್ದು ಶಾಲೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಗಡಿಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಮಕ್ಕಳಿಗೆ ಯಾವ ಅಕ್ಷರ ಕಲಿಸುವುದೆಂಬುದು ಇಂದಿಗೂ ನಮ್ಮ ಮನೆಯ ತೀರ್ಮಾನವೇ.

ನಮ್ಮ ಮನೆಗಳಲ್ಲಿ ಇಂದಿಗೂ ಅಜ್ಜಿಯಂದಿರಿದ್ದಾರೆ. ತುಳು, ಹವ್ಯಕ, ಕೊಂಕಣಿ, ಕರಾಡ, ಮಲಯಾಳ ಬೆರೆತ ಬಾಳಿನ ಎಷ್ಟೋ ಒಲವು ನೋವುಗಳು ಅವರ ನೆನಪಿನಲ್ಲಿವೆ. ಹೊಳೆ ದಾಟಿ ಬಂದ ಮದುಮಗಳು, ಮುಂಬಯಿಗೆ ಹೋದ ಗಂಡನಿಗಾಗಿ ಕಾದವಳು, ಭಾಷೆ ಬಾರದ ಮನೆಗೆ ಸೊಸೆಯಾಗಿ ಬಂದು ಆ ಭಾಷೆಯಲ್ಲೇ ಜೋಗುಳ ಹಾಡಿದವಳು, ಇವರ ಕಥೆಗಳನ್ನು ಯಾರೂ ಬರೆದಿಟ್ಟಿಲ್ಲ. ಸಾಹಿತ್ಯ ಸಮ್ಮೇಳನಕ್ಕೆ ಬಂದಿರುವ ಯುವಕ ಯುವತಿಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಊರಿಗೆ ಮರಳಿದ ಮೇಲೆ ಒಂದು ಸಂಜೆ ಅಜ್ಜಿಯ ಬಳಿ ಕುಳಿತು ಅವರ ಮದುವೆಯ ಕಾಲದ ಮಾತು ಕೇಳಿರಿ, ಕೇಳಿದ್ದನ್ನು ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿರಿ. ಇಂದಿರಾ ಅವರ ತಾಯಿ ಕಿವಿಗೊಟ್ಟು ಕೇಳಿದ್ದರಿಂದಲೇ ಫಣಿಯಮ್ಮ ಇಂದಿಗೂ ನಮ್ಮ ನಡುವೆ ಇದ್ದಾಳೆ.