ನಿದ್ದೆಯ ಗುಳಿಗೆಯ ಚರಿತ್ರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ‘ನಿದ್ದಿ ಗುಳಿಗಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಮದುವೆಯೋ, ಸೊಸಾಯಿಟಿಯ ಸಾಲವೋ, ಹೊಲದ ವ್ಯಾಜ್ಯವೋ, ಯಾವುದೋ ಒಂದು ಚಿಂತೆಗೆಂದು ವೈದ್ಯರು ಹದಿನೈದು ದಿನಕ್ಕೆ ಬರೆದುಕೊಟ್ಟದ್ದು ವರ್ಷಗಟ್ಟಲೆ ನಡೆಯುವುದುಂಟು. ಇಂಥವರನ್ನು ನಮ್ಮ ಜನ ಚಟಕ್ಕೆ ಬಿದ್ದವರೆನ್ನುತ್ತಾರೆ. ಕನ್ನಡ ಕಲಿಸುವ ನನಗೆ ಆ ಮಾತು ಒಪ್ಪುವುದಿಲ್ಲ. ಚಟವೆಂದರೆ ತಾನಾಗಿ ಹಚ್ಚಿಕೊಂಡದ್ದು; ಇದು ಚೀಟಿಯನ್ನು ನಂಬಿ ನಡೆದವರಿಗೆ ಬಂದೊದಗಿದ್ದು. ಚರಿತ್ರೆಯನ್ನು ನೋಡಿದರೆ, ಮೊದಲು ನಂಬಿ ಕೆಟ್ಟವರು ವೈದ್ಯರೇ ಎಂದು ತೋರುತ್ತದೆ.

1903ರಲ್ಲಿ ಜರ್ಮನಿಯ ಫಿಷರ್ ಮತ್ತು ಮೆರಿಂಗ್ ಬಾರ್ಬಿಟಾಲನ್ನು ನಿದ್ದೆಯ ಮದ್ದೆಂದು ಪ್ರಕಟಿಸಿದರು. ಆ ಜಾತಿಯ ಮದ್ದುಗಳು ಹಿಡಿದರೆ ಬಿಡುವುದಿಲ್ಲವೆಂದು ಅನುಭವಕ್ಕೆ ಬಂದಮೇಲೆ, 1955ರಲ್ಲಿ ಅಮೆರಿಕದಲ್ಲಿ ಮೆಪ್ರೊಬಮೇಟ್ ಬಂತು. ಅದರ ಗತಿಯೂ ಹಾಗೆಯೇ ಆಯಿತು. ಬಳಿಕ ಲಿಯೋ ಸ್ಟರ್ನ್‌ಬಾಕ್ ಅವರ ಶೋಧದಿಂದ 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್. ಇವು ಬಾರ್ಬಿಟಾಲಿನ ಬಳಗದಷ್ಟು ಸುಲಭವಾಗಿ ಪ್ರಾಣ ತೆಗೆಯುವುದಿಲ್ಲ ಎಂಬುದು ನಿಜ. ಈ ನಿಜದ ಸಮಾಧಾನದಲ್ಲಿ ಇನ್ನೊಂದು ಮಾತು ಯಾರ ಕಿವಿಗೂ ಬೀಳದೆ ಹೋಯಿತು. 1961ರಲ್ಲಿಯೇ ಅಮೆರಿಕದ ಡಾ. ಲಿಯೋ ಹೋಲಿಸ್ಟರ್ ಮತ್ತು ಸಂಗಡಿಗರು, ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಲಿಬ್ರಿಯಮ್ ಸೇವಿಸಿದ್ದ 11 ರೋಗಿಗಳಿಗೆ ಅದನ್ನು ತಟ್ಟನೆ ನಿಲ್ಲಿಸಿ ನೋಡಿದರು. 10 ಮಂದಿಗೆ ತೊಂದರೆ ಕಾಣಿಸಿಕೊಂಡಿತು. ಇಬ್ಬರಿಗೆ ಫಿಟ್ಸ್ ಬಂತು. ಗುಳಿಗೆ ಮಾರಾಟಕ್ಕೆ ಬಂದು ಆಗಿನ್ನೂ ಒಂದೇ ವರ್ಷ! ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿರೆಂದು ವೈದ್ಯರಿಗೆ ಹೇಳಿದ್ದು 1988ರಲ್ಲಿ. ಆ 27 ವರ್ಷಗಳಲ್ಲಿ ಬರೆದುಕೊಟ್ಟ ಚೀಟಿಗಳನ್ನು ಎಣಿಸುವವರಾರು?

ನಮ್ಮಲ್ಲಿ 2014ರ ಮಾರ್ಚ್ 1ರಿಂದ ಡಯಾಜೆಪಾಮ್, ಅಲ್ಪ್ರಜೋಲಾಮ್ ಮೊದಲಾದವನ್ನು ಮಾರುವ ಅಂಗಡಿಯವರು ವೈದ್ಯರ ಹಾಗೂ ರೋಗಿಯ ಹೆಸರನ್ನು ಬರೆದು, ಆ ದಫ್ತರವನ್ನು ಮೂರು ವರ್ಷ ಕಾಯ್ದಿಡಬೇಕು. ಕಾಯಿದೆ ಒಳ್ಳೆಯದೇ. ಆದರೆ ದಫ್ತರಕ್ಕೆ ಹೆದರಿ ಅಂಗಡಿಯವನು ಇಲ್ಲವೆಂದರೆ, ಅಥವಾ ‘ಚಟ’ವೆಂಬ ಮಾತಿಗೆ ನಾಚಿ ಮನೆಯವರು ಗುಳಿಗೆಯನ್ನು ಬಚ್ಚಿಟ್ಟರೆ, ಹೋಲಿಸ್ಟರರು ಕಂಡದ್ದೇ ನಮ್ಮ ಮನೆಯಲ್ಲಿ ನಡೆದೀತು. ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಎದೆ ಡವಗುಟ್ಟುತ್ತದೆ. ಹಳೆಯ ಚಿಂತೆಯೇ ಮರಳಿತೆಂದು ಬಗೆದು ರೋಗಿ ಮತ್ತೆ ಗುಳಿಗೆಗೇ ಕೈಚಾಚುತ್ತಾನೆ. ವೈದ್ಯರ ಕಣ್ಣೆದುರಿಗೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರುವುದೇ ಇದಕ್ಕೆ ದಾರಿ. ಕಿತ್ತೂರಿನಿಂದ ಧಾರವಾಡ ದೂರವೇನಲ್ಲ. 1845ರಷ್ಟು ಹಿಂದೆ ಆರಂಭವಾಗಿ, ಇಂದು ಡಿಮ್ಹಾನ್ಸ್ ಎನಿಸಿರುವ ಮಾನಸಿಕ ಆಸ್ಪತ್ರೆ ಅಲ್ಲಿದೆ. ಜನರ ಬಾಯಲ್ಲಿ ಮಾತ್ರ ಅದಿನ್ನೂ ಹುಚ್ಚಾಸ್ಪತ್ರೆ. ಅದರ ಬಾಗಿಲಲ್ಲಿ ನೆಂಟರ ಕಣ್ಣಿಗೆ ಬೀಳುವುದಕ್ಕಿಂತ ಊರಿನ ಔಷಧಿ ಅಂಗಡಿಯೇ ಲೇಸೆಂದು ತಿಳಿಯುವವರು ಬಹಳ.