ನಿಂತ ಸೈಕಲ್, ನೆನೆದ ಸೈಕಲ್

ಸೈಕಲ್ ಇರುವುದು ಎಲ್ಲಿಗಾದರೂ ಹೋಗುವುದಕ್ಕೆ ಅಲ್ಲವೇ? ಆದರೆ ಬೆಂಗಳೂರಿನ ಕೆಲವು ಮನೆಗಳಲ್ಲಿ ಈಗ ಹೋಗದ ಸೈಕಲ್ಲೂ ಕಾಣಸಿಗುತ್ತದೆ. ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಬಿಗಿದು, ಹೊರಗೆ ಮಳೆ ಹೊಯ್ಯುತ್ತಿದ್ದರೆ ಹಾಲಿನಲ್ಲೇ ಕೂತು ಗಂಟೆಗಟ್ಟಲೆ ತುಳಿಯುತ್ತಾರೆ. ಅದಕ್ಕೆ ಟ್ರೈನರ್ ಅಂತ ಹೆಸರು. ನಮ್ಮ ಬೇರಿಕೆ ಕಡೆಯ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. "ಹೋಗದೆ ಇರೋ ಸೈಕಲ್ ಯಾಕೆ ಸಾರ್?" ಅನ್ನುವ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಚರಿತ್ರೆ ಕೆದಕಿದರೆ ಒಂದು ತಮಾಷೆ ಸಿಗುತ್ತದೆ. ಹೋಗುವ ಸೈಕಲ್ಲಿಗಿಂತ ನಿಂತಲ್ಲೇ ತುಳಿಯುವ ಯಂತ್ರವೇ ಹಿರಿಯದು!

1796ರಲ್ಲಿ ಫ್ರಾನ್ಸಿಸ್ ಲೌಂಡ್ಸ್ ಎಂಬಾತ ಇಂಗ್ಲೆಂಡಿನಲ್ಲಿ 'ಜಿಮ್ನಾಸ್ಟಿಕಾನ್' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತುಳಿಯುವುದು, ಕೈಯಿಂದ ತಿರುಗಿಸುವುದು, ಕೀಲು ಹಿಡಿದುಕೊಂಡವರಿಗೆ ಮನೆಯೊಳಗೇ ವ್ಯಾಯಾಮ. ಎರಡು ಚಕ್ರದ ಗಾಡಿ ಬಂದದ್ದು ಅದಾದ ಇಪ್ಪತ್ತೊಂದು ವರ್ಷಕ್ಕೆ. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ತನ್ನ ಮರದ ಗಾಡಿ ಹತ್ತಿ ಊರಾಚೆ ಹೋಗಿಬಂದ. ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು.

ಡ್ರೈಸ್‌ಗೆ ಈ ಯೋಚನೆ ಯಾಕೆ ಬಂತು? ಇಲ್ಲಿಯೂ ಕೆಟ್ಟ ಹವೆಯ ಮಾತು ಬರುತ್ತದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಪರಿಣಾಮವಾಗಿ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು, ಓಟ್ಸ್ ಬೆಲೆ ಏರಿತು, ಕುದುರೆ ಸಾಕುವುದು ಕಷ್ಟವಾಯಿತು. ಕುದುರೆ ಬೇಡದ ಗಾಡಿ ಹುಟ್ಟಿದ್ದು ಅದರಿಂದಲೇ ಎಂದು ಜರ್ಮನ್ ಇತಿಹಾಸಕಾರ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್ ವಾದಿಸಿದರು. ಒಪ್ಪದವರೂ ಇದ್ದಾರೆ. ನನಗಂತೂ ಮಕ್ಕಳಿಗೆ ಹೇಳಲು ಇಷ್ಟವಾದ ಕಥೆ, ಆದರೆ 'ಹೀಗೂ ಇರಬಹುದು' ಎಂದೇ ಹೇಳುತ್ತೇನೆ.

ಮುಂದೆ 1885ರಲ್ಲಿ ಸ್ಟಾರ್ಲಿಯ ರೋವರ್ ಬಂತು, 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರು. ಓಡುವ ಸೈಕಲ್ ಸರಿಹೋಯಿತು. ಜತೆಜತೆಗೇ ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವ 'ಹೋಮ್ ಟ್ರೈನರ್' ಕೂಡ ಬಂತು. ಚಳಿಗಾಲದಲ್ಲಿ ರೇಸಿನವರ ಅಭ್ಯಾಸಕ್ಕೆ ಅದು, ನಾಟಕಶಾಲೆಯ ವೇದಿಕೆಯಲ್ಲಿ ಪಂದ್ಯ ತೋರಿಸುವುದಕ್ಕೂ ಅದೇ. ಮೇಜರ್ ಟೇಲರ್‌ನಂಥ ದೊಡ್ಡ ಸವಾರನೂ ಹಾಗೆ ವೇದಿಕೆ ಮೇಲೆ ತುಳಿದವನೇ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲೂ ನಿಂತ ಸೈಕಲ್ಲುಗಳಿದ್ದವು. 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ಒಂದು ಕಂಪನಿ ಸಣ್ಣ ಫ್ಯಾನು ಜೋಡಿಸಿ, ಬಯಲಲ್ಲಿ ಎದುರುಗಾಳಿ ಒತ್ತುವ ಹಾಗೆ ಭಾರ ಕೊಡುವ ಟ್ರೈನರ್ ಮಾಡಿತು. ಸಿಯಾಟಲ್ ಜಿಟಿಜಿಟಿ ಮಳೆಗೆ ಹೆಸರಾದ ಊರು ಎಂಬುದನ್ನು ಮರೆಯಬೇಡಿ. 2020ರ ಕೋವಿಡ್ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಹೆಸರಿನ ಪಂದ್ಯವನ್ನೇ ಸವಾರರು ತಂತಮ್ಮ ಮನೆಯಲ್ಲಿ ಕೂತು, ಪರದೆ ನೋಡಿಕೊಂಡು ಆಡಿದರು.

ಇದನ್ನು ಬರೀ ಶೋಕಿ ಅಂತ ನಾನು ಅನ್ನುವುದಿಲ್ಲ. 1980ರ ಲಿಯೇಜ್-ಬಾಸ್ಟೋನ್-ಲಿಯೇಜ್ ಪಂದ್ಯ ಹಿಮದಲ್ಲಿ ನಡೆಯಿತು. ಹೊರಟವರು 174, ಕೊನೆ ಮುಟ್ಟಿದವರು 21. ಗೆದ್ದ ಬರ್ನಾರ್ಡ್ ಹಿನಾಲ್ಟ್‌ಗೆ ಎರಡು ಬೆರಳಿನ ಸ್ಪರ್ಶ ಮತ್ತೆ ಪೂರ್ತಿ ಬರಲೇ ಇಲ್ಲ. ಅಂಥ ದಿನ ಅಭ್ಯಾಸಕ್ಕೆ ಹೊರಡಬೇಕಾದವನು ಮನೆಯೊಳಗೆ ತುಳಿದರೆ ತಪ್ಪೇನು? ಆದರೆ ಒಳಗೆ ಗಾಳಿ ಬೀಸುವುದಿಲ್ಲ, ಬೆವರು ಆರುವುದಿಲ್ಲ, ಎದುರಿಗೆ ಫ್ಯಾನ್ ಇಟ್ಟುಕೊಳ್ಳಲೇಬೇಕು. ಇಳಿಜಾರು, ಗುಂಡಿ, ಅಡ್ಡಬರುವ ಎಮ್ಮೆ, ಇವುಗಳ ಪಾಠವೂ ಅಲ್ಲಿ ಸಿಗದು.

ಈಗ ನಮ್ಮ ಸೈಕಲ್ಲಿಗೆ ಬರೋಣ. ನಮ್ಮ ಅಪ್ಪಂದಿರ ಕಾಲದ ಆ ಕರೀ ಸೈಕಲ್ ಇಂಗ್ಲೆಂಡಿನ ಮಳೆಗೆಂದು ಮಾಡಿದ್ದು. ಚಕ್ರದ ಮೇಲೆ ಅಗಲ ಮಡ್‌ಗಾರ್ಡ್, ಚೈನಿಗೆ ಪೂರಾ ಕವರ್, ದಪ್ಪ ಟೈರು, ಇವೆಲ್ಲ ಕೆಸರಿನ ದಾರಿಯ ಏರ್ಪಾಡುಗಳು. ಮದ್ರಾಸಿನಲ್ಲಿ 1949ರಲ್ಲಿ ಶುರುವಾದ ಟಿ.ಐ. ಸೈಕಲ್ಸ್ ಹರ್ಕ್ಯುಲಿಸ್ ಹೆಸರಿನಲ್ಲಿ ಅದನ್ನೇ ಇಲ್ಲಿ ಮಾಡಿತು. ಒಂದೇ ಕುಂದು, ಕಡ್ಡಿ ಬ್ರೇಕು. ಸ್ಟೀಲ್ ರಿಮ್ ನೆನೆದರೆ ರಬ್ಬರ್ ಜಾರುತ್ತದೆ, ಹಿಡಿಯುವುದೇ ಇಲ್ಲ. ಇಳಿಜಾರಿಗೆ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತುತ್ತಾ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಬೇರಿಕೆಗೆ ಎರಡು ಮಳೆಗಾಲ. ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಜೋರು. ಗಡಿಯಾಚೆ ಮಾಲೂರು ತಾಲ್ಲೂಕಿನಲ್ಲೂ ಅದೇ ಮಳೆ, ಅದಕ್ಕೆ ಚೆಕ್‌ಪೋಸ್ಟ್ ಇಲ್ಲ ನೋಡಿ! ಆ ಎರಡು ತಿಂಗಳು ಸಾಯಂಕಾಲ ಶಾಲೆ ಬಿಡುವ ಹೊತ್ತಿಗೇ ಮೋಡ ಕವಿಯುತ್ತದೆ. ಅನುಕೂಲವಿದ್ದ ಮನೆಯವರು ಗಾಡಿ ತಂದು ಕರೆದುಕೊಂಡು ಹೋಗುತ್ತಾರೆ. ಹೊಸೂರಿನಲ್ಲೇ ತಯಾರಾಗಿ 1980ರಲ್ಲಿ ಬಂದ ಟಿವಿಎಸ್ 50 ಮೊಪೆಡ್ಡಿನ ಕಾಲದಿಂದಲೂ ದೊಡ್ಡವರಿಗೆ ಸೈಕಲ್ ಬಿಡುವ ದಾರಿ ಇತ್ತು. ಮಕ್ಕಳಿಗೆ ಇರಲಿಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ ಸೈಕಲ್ಲೇ ಇರಲಿಲ್ಲ.

ಇಲ್ಲಿ ತಮಿಳುನಾಡಿನ ಒಂದು ದೊಡ್ಡ ಅಧ್ಯಾಯ ಹೇಳಲೇಬೇಕು. 1990ರ ದಶಕದ ಮೊದಲಲ್ಲಿ ಪುದುಕ್ಕೋಟೈ ಜಿಲ್ಲೆಯ ಅರಿವೊಳಿ ಸಾಕ್ಷರತಾ ಆಂದೋಲನದಲ್ಲಿ, ಆಗಿನ ಕಲೆಕ್ಟರ್ ಶೀಲಾರಾಣಿ ಚುಂಕತ್ ಅವರ ಮುತುವರ್ಜಿಯಿಂದ, ಅಕ್ಷರದ ಜತೆ ಸೈಕಲ್ಲನ್ನೂ ಕಲಿಸಿದರು. ಕಲ್ಲುಕ್ವಾರಿಯ ಹೆಂಗಸರು, ಕೂಲಿಯವರು, ಅಂಗನವಾಡಿಯವರು, ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಹೆಂಗಸರ ಸೈಕಲ್ ಸಿಗದೆ ಗಂಡಸರ ಅಡ್ಡಕಂಬಿ ಸೈಕಲ್ಲನ್ನೇ ಹತ್ತಿದವರೂ ಇದ್ದರು. ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಎಂದು ಅದನ್ನೇ ಮೆಚ್ಚಿದವರೂ ಇದ್ದರು. ಪಿ. ಸಾಯಿನಾಥ್ ಇದನ್ನು ಬರೆದು ನಾಡಿಗೆಲ್ಲ ತಿಳಿಸಿದರು.

2001-02ರಲ್ಲಿ ತಮಿಳುನಾಡು ಸರ್ಕಾರ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿತು. ಬರುಬರುತ್ತಾ ಅದು ಸರ್ಕಾರಿ, ಅನುದಾನಿತ ಶಾಲೆಗಳ ಹನ್ನೊಂದನೇ ತರಗತಿಯ ಹುಡುಗಿಯರಿಗೂ ಹುಡುಗರಿಗೂ ವಿಸ್ತಾರವಾಯಿತು. ಕಾಗದಪತ್ರದಲ್ಲಿ ಅದು 'ವಿಲೈಯಿಲ್ಲಾ ಮಿದಿವಂಡಿ', ಎಂದರೆ ಬೆಲೆಯಿಲ್ಲದ ಸೈಕಲ್. ಕರ್ನಾಟಕ 2006-07ರಿಂದ ಎಂಟನೇ ತರಗತಿಗೇ ಕೊಟ್ಟಿತು, ಕೋವಿಡ್ ಬಂದ ಮೇಲೆ ನಿಲ್ಲಿಸಿತು. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ಲಿನ ದುಡ್ಡು ಕೊಟ್ಟಿತು. ಅದನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪ್ರಕಾರ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತು.

ಮೂರರಲ್ಲಿ ಎಂಟು-ಒಂಬತ್ತನೆಯ ತರಗತಿಯ ಲೆಕ್ಕವೇ ಸರಿ ಎಂದು ನನಗೆ ಅನಿಸುತ್ತದೆ. ಎಂಟರವರೆಗಿನ ಶಾಲೆ ಊರ ಹತ್ತಿರ ಇರುತ್ತದೆ, ಹೈಸ್ಕೂಲು ದೂರ. 'ಇಷ್ಟು ಓದಿದ್ದು ಸಾಕು' ಎಂಬ ಮಾತು ಮನೆಯಲ್ಲಿ ಬರುವುದು ಆಗಲೇ, ಅದಕ್ಕೆ ಮಳೆಯೂ ಕತ್ತಲೂ ಒಂದು ನೆಪ. ಹನ್ನೊಂದಕ್ಕೆ ಬಂದವಳು ಆ ಎರಡು ಮಳೆಗಾಲಗಳನ್ನು ಹೇಗೋ ದಾಟಿ ಬಂದವಳು. ಒಂಬತ್ತು, ಹತ್ತರವರಲ್ಲಿ ಅಣ್ಣನದೋ ಅಕ್ಕನದೋ ಮಿದಿವಂಡಿ ಮನೆಯಲ್ಲಿದ್ದವರು ತುಳಿದುಕೊಂಡು ಬರುತ್ತಾರೆ. ಇಲ್ಲದವರು ಯೂರಿಯಾ ಚೀಲದ ಕೊಪ್ಪೆ ಹಾಕಿಕೊಂಡು, ಪುಸ್ತಕ ಹೊಟ್ಟೆಗೆ ಅವುಚಿಕೊಂಡು, ನಡೆದೇ ಬರುತ್ತಾರೆ.